ಪುಡಿಹಾಲಿಗೊಂದು ತಾಯಿನುಡಿ

ಕನ್ನಡ ಪಾಠ ಹೇಳುವವನಿಗೆ ಹಸುಗೂಸಿನ ಹಾಲಿನ ಡಬ್ಬದ ಗೊಡವೆ ಏಕೆಂದು ವಾಚಕರು ಕೇಳಿದರೆ ಅದು ಸಹಜವೇ. ವೈದ್ಯರು ಮಾತನಾಡಬೇಕಾದ ಕಡೆ ವೈಯಾಕರಣನಿಗೆ ಏನು ಕೆಲಸ? ಆದರೆ ಆ ಡಬ್ಬದ ಮೇಲೆ ಬರೆದಿರುವುದು ಭಾಷೆ. ಅದನ್ನು ಓದಬೇಕಾದವಳು ನಮ್ಮ ಮನೆಯ ಬಾಣಂತಿ. ಅವಳಿಗೆ ಓದಲಾಗದಿದ್ದರೆ ತೊಂದರೆಗೆ ಗುರಿಯಾಗುವುದು ಇನ್ನೂ ಹೆಸರಿಡದ ಕೂಸು. ಕನ್ನಡದ ಅಧ್ಯಾಪಕನೊಬ್ಬ ಈ ವಿಷಯದಲ್ಲಿ ಬಾಯಿ ಹಾಕುವುದಕ್ಕೆ ಇಷ್ಟು ಕಾರಣ ಸಾಕೆಂದು ತಿಳಿದಿದ್ದೇನೆ.

ತಾಯಿಯ ಹಾಲಿಗೆ ಸಮನಾದುದು ಇನ್ನೊಂದಿಲ್ಲ. ಮೊದಲ ಆರು ತಿಂಗಳು ಅದೊಂದೇ ಸಾಕು, ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ. ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುವುದೂ ಅದನ್ನೇ. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ. (ಎಮ್ಮೆ ಈದರೆ ಗಿಣ್ಣು ಕಾಯಿಸಿ ಕೇರಿಗೆಲ್ಲ ಹಂಚುವ ನಾವು, ತಾಯಿಯ ಮೊದಲ ಹಾಲನ್ನು ಮಾತ್ರ ಕೆಟ್ಟದ್ದೆಂದು ಎಷ್ಟೋ ಕಾಲ ಹಿಂಡಿ ಚೆಲ್ಲಿದೆವಲ್ಲ, ಆ ಬುದ್ಧಿಗೆ ಏನೆನ್ನಬೇಕೋ ತಿಳಿಯದು.) ಆದರೆ ಹಾಲು ಸಾಲದ ತಾಯಂದಿರೂ ಇದ್ದಾರೆ. ಅವಳಿ ಮಕ್ಕಳನ್ನು ಹೆತ್ತವರು, ದಿನ ತುಂಬುವ ಮೊದಲೇ ಹೆತ್ತವರು, ಕೂಸಿಗೆ ಆಗದಂಥ ಔಷಧಿ ತೆಗೆದುಕೊಳ್ಳಲೇಬೇಕಾದವರು. ತಾಯಿಯನ್ನೇ ಕಳೆದುಕೊಂಡ ಕೂಸುಗಳೂ ಉಂಟು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ೨೦೨೨ರಲ್ಲಿ ತಾಯಿಹಾಲಿನ ಬ್ಯಾಂಕೊಂದು ತೆರೆಯಿತು. ದೊಡ್ಡ ಕೆಲಸವೇ ಸರಿ. ಆದರೆ ಆ ಹಾಲು ಹಳ್ಳಿಯ ತೊಟ್ಟಿಲಿನವರೆಗೆ ಹರಿದು ಬರುವ ಕಾಲ ಹತ್ತಿರದಲ್ಲಿ ಕಾಣುತ್ತಿಲ್ಲ. ಅಲ್ಲಿಯವರೆಗೆ ಇಂಥವರ ಪಾಲಿಗೆ ಉಳಿಯುವುದು ಔಷಧಿ ಅಂಗಡಿಯ ಪುಡಿಹಾಲು.

ಹಾಲೂಡಿಸುವ ಹೆಂಗಸರನ್ನು ನಮ್ಮ ಪುರಾಣ ಕಾವ್ಯಗಳು ಎರಡೇ ಬಗೆಯಾಗಿ ಕಂಡಿವೆ. ಒಂದು ಕಡೆ ಹುಲಿಯ ಬಾಯಿಗೆ ಮಾತು ಕೊಟ್ಟು ಕರುವಿಗೆ ಮೊಲೆಯೂಡಲು ಬಂದ ಪುಣ್ಯಕೋಟಿ; ಇನ್ನೊಂದು ಕಡೆ ವಿಷವೂಡಲು ಬಂದ ಪೂತನಿ. ನಡುವೆ ಮೂರನೆಯವಳೊಬ್ಬಳು ಕುಳಿತಿದ್ದಾಳೆ: ಪ್ರೀತಿಯಿದೆ, ಹಾಲಿಲ್ಲ; ಅಥವಾ ಇದ್ದದ್ದು ಸಾಲದು. ಅವಳಿಗೆ ನಮ್ಮಲ್ಲಿ ಹೆಸರೂ ಇಲ್ಲ, ಕಥೆಯೂ ಇಲ್ಲ. ನೋಡಲು ಬಂದವರು ಡಬ್ಬವನ್ನು ಕಂಡೊಡನೆ ಅವಳನ್ನು ಪೂತನಿಯ ಕಡೆಗೆ ಸರಿಸಿಬಿಡುತ್ತಾರೆ. ಅವಳು ಡಬ್ಬವನ್ನು ಸೀರೆಯ ಮರೆಯಲ್ಲಿಡುತ್ತಾಳೆ. ಮುಚ್ಚಿಟ್ಟದ್ದನ್ನು ಹೇಗೆ ಕಲಸಬೇಕೆಂದು ಯಾರನ್ನು ಕೇಳುವುದು? ನನ್ನ ಆಕ್ಷೇಪಣೆ ಇಲ್ಲಿ ಆರಂಭವಾಗುತ್ತದೆ. ಪುಡಿಹಾಲು ಬೇಡವೆಂದು ಹೇಳುವ ಬಾಯಿಗಳು ನೂರಿವೆ. ಅನಿವಾರ್ಯವಾದಾಗ ಹೀಗೆ ಮಾಡು ಎಂದು ಕನ್ನಡದಲ್ಲಿ ತಿಳಿಸಿ ಹೇಳುವ ಬಾಯಿ ಸಿಗುವುದು ಕಷ್ಟ.

ಹೊಂಗನೂರಿನಲ್ಲಿ ನನ್ನ ಅಕ್ಕನ ಮನೆ. ಅಕ್ಕನ ಮಗಳು ಬಾಣಂತನಕ್ಕೆ ಬಂದಳು, ಹುಟ್ಟಿದ್ದು ಅವಳಿ. ಎರಡೂ ತೂಕದಲ್ಲಿ ಕಡಿಮೆ. ಹೆರಿಗೆಯಾದ ಆಸ್ಪತ್ರೆಯಲ್ಲಿ ಮೇಲುಹಾಲು ಬೇಕೆಂದು ಚೀಟಿ ಬರೆದುಕೊಟ್ಟರು; ಮಾಡುವ ಕ್ರಮವನ್ನು ಯಾರೂ ತೋರಿಸಲಿಲ್ಲ. ಮೂರನೆಯ ದಿನ ನಾನು ಹೋದಾಗ ಹುಡುಗಿ ಡಬ್ಬವನ್ನು ನನ್ನ ಕೈಗಿಟ್ಟು, “ಇದರಲ್ಲೇನು ಬರೆದಿದೆ ಓದಿ ಹೇಳಿ ಮಾವ, ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣಗಿವೆ” ಎಂದಳು. ಇಂಗ್ಲಿಷಿತ್ತು, ಹಿಂದಿಯಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ, ಹತ್ತು ಹೆತ್ತು ಏಳನ್ನು ಉಳಿಸಿಕೊಂಡ ಹಿರಿಯಳು, ಒಳಗೆ ಬಂದು ಅಳತೆ ಚಮಚವನ್ನು ನೋಡಿ, “ಇಷ್ಟುದ್ದ ಚಮಚ್ದಲ್ಲಿ ಏನಾದಾತು? ಜಿಪುಣತನ ಮಾಡಬ್ಯಾಡ ಕಣವ್ವ, ವಸಿ ತಲೆ ಬರೋ ಹಂಗೆ ತುಂಬು” ಎಂದು ಅಪ್ಪಣೆ ಮಾಡಿದರು.

ಅಜ್ಜಿಯ ಮಾತಿನಲ್ಲಿ ನಮ್ಮ ನಾಡಿನ ಒಂದು ಹಳೆಯ ಧರ್ಮವೇ ಇದೆ. ರಾಗಿ ಅಳೆಯುವಾಗ ಸೇರಿನ ಬಾಯಿಯನ್ನು ಒರೆದು ಅಳೆಯುವವನು ವ್ಯಾಪಾರಿ. ಗೋಪುರವೆದ್ದು ನಾಲ್ಕು ಕಾಳು ಹೊರಗೆ ಉದುರುವಂತೆ ಅಳೆಯುವವಳು ಮನೆಯೊಡತಿ. ಭಿಕ್ಷೆಗೆ ಬಂದವನಿಗೆ, ಕೂಲಿಗೆ ಬಂದವಳಿಗೆ ಒರೆದ ಅಳತೆಯಲ್ಲಿ ಕೊಟ್ಟರೆ ಅವಮಾನ. ಅಂಥ ಕೈಗೆ ಪುಡಿಹಾಲಿನ ಚಮಚವನ್ನು ಕೊಟ್ಟರೆ ಅದು ಗೋಪುರವನ್ನು ಕಟ್ಟಿಯೇ ಕಟ್ಟುತ್ತದೆ. ಆದರೆ ಇಲ್ಲಿ ಔದಾರ್ಯವೇ ಅಪಾಯ. ಗಟ್ಟಿಯಾದ ಹಾಲಿನಲ್ಲಿರುವ ಲವಣಾಂಶವನ್ನು ಹೊರಹಾಕುವ ಶಕ್ತಿ ಎಳೆಯ ಮೂತ್ರಪಿಂಡಗಳಿಗೆ ಸಾಲದು. ಮೈಯ ನೀರು ಬತ್ತುತ್ತದೆ. ಬಾಯಾರಿದ ಕೂಸು ಅಳುತ್ತದೆ. ಅಳು ಹಸಿವಿನದೆಂದು ತಿಳಿದು ಮತ್ತೊಂದು ಗೋಪುರದ ಚಮಚ ಬೀಳುತ್ತದೆ.

ಇದಕ್ಕೆ ತಿರುಗುಮುರುಗಾದ ತಪ್ಪು ಬಡತನದ್ದು. ಡಬ್ಬದ ಬೆಲೆ ದಿನಗೂಲಿಯನ್ನು ನುಂಗುವಂಥದು. ನಾಲ್ಕು ದಿನಕ್ಕೆ ಬರುವುದನ್ನು ಎಂಟು ದಿನಕ್ಕೆ ಎಳೆಯಬೇಕಾದರೆ ನೀರನ್ನು ಹೆಚ್ಚಿಸುವುದೊಂದೇ ದಾರಿ. ಹಾಲು ಬಿಳಿಯಾಗಿಯೇ ಕಾಣುತ್ತದೆ, ಕೂಸಿನ ಹೊಟ್ಟೆಯೂ ತುಂಬುತ್ತದೆ, ಮೈ ಮಾತ್ರ ಹಿಡಿಯುವುದಿಲ್ಲ. ನಮ್ಮ ಹೊಂಗನೂರಿನ ಕಡೆಯ ಹೆಂಗಸರು ಬೆಳಗೂ ಬೈಗೂ ಡೈರಿಗೆ ಹಾಲು ಹಾಕುವವರು. ಅಲ್ಲಿ ಒಂದು ಚೊಂಬು ನೀರು ಬೆರೆತರೆ ಲ್ಯಾಕ್ಟೋಮೀಟರು ಹೇಳಿಬಿಡುತ್ತದೆ. ಫ್ಯಾಟ್ ಕಡಿಮೆಯಾದರೆ ದುಡ್ಡೂ ಕಡಿಮೆ. ತೊಟ್ಟಿಲಿನ ಬಳಿ ಅಂಥ ಯಂತ್ರವಿಲ್ಲ. ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಎಂಬ ಮಹಿಳೆ ೧೯೩೯ರಲ್ಲಿ ಸಿಂಗಪುರದಲ್ಲಿ ಮಾಡಿದ ಭಾಷಣವೊಂದಕ್ಕೆ ‘ಹಾಲು ಮತ್ತು ಕೊಲೆ’ ಎಂಬ ಅರ್ಥ ಬರುವ ಹೆಸರಿಟ್ಟಿದ್ದರು. ಡಬ್ಬದ ಸಿಹಿಹಾಲನ್ನು ಕೂಸುಗಳಿಗೆ ತಕ್ಕುದೆಂದು ಮಾರುತ್ತಿದ್ದವರ ಮುಖಕ್ಕೆ ಹೊಡೆದಂತೆ ಆಡಿದ ಮಾತು ಅದು. ಆ ಕೋಪದ ಎಳೆಯೇ ಬೆಳೆದು ೧೯೮೧ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆಯ ಸಂಹಿತೆಯಾಯಿತು; ನಮ್ಮ ದೇಶದಲ್ಲಿ ೧೯೯೨ರ ಕಾಯಿದೆಯಾಯಿತು. ೨೦೦೩ರಲ್ಲಿ ಅದು ಇನ್ನೂ ಬಿಗಿಯಾಯಿತು. ಪುಡಿಹಾಲಿಗೆ ಜಾಹೀರಾತು ಕೂಡದು, ಡಬ್ಬದ ಮೇಲೆ ದುಂಡು ಮಗುವಿನ ಚಿತ್ರ ಕೂಡದು, ಮಾದರಿ ಡಬ್ಬಗಳನ್ನು ಪುಕ್ಕಟೆ ಹಂಚಕೂಡದು.

ಒಳ್ಳೆಯ ಕಾನೂನು. ಆದರೆ ಅದು ಕಟ್ಟಿದ್ದು ಮಾರುವವನ ಬಾಯನ್ನು, ಕಲಿಸುವವರ ಬಾಯನ್ನಲ್ಲ. ನಮ್ಮಲ್ಲಿ ಎರಡೂ ಮುಚ್ಚಿಕೊಂಡಿವೆ. ಡಬ್ಬವಾದರೂ ಮಾತನಾಡೀತೆ ಎಂದರೆ, ಆಹಾರ ಪದಾರ್ಥಗಳ ಮೇಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ನಿಯಮಕ್ಕೆ ಸಾಕು. ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ; ಅಡ್ಡಿಯಿಲ್ಲವೆಂದ ಮಾತ್ರಕ್ಕೆ ಸೇರಿಸುವವರು ಯಾರು? ಕನ್ನಡದ ೨೦೨೨ರ ಅಧಿನಿಯಮ ನಾಡಿನಲ್ಲೇ ತಯಾರಾಗುವ ಸರಕುಗಳ ಮೇಲೆ ಕನ್ನಡವಿರಬೇಕೆನ್ನುತ್ತದೆ. ಹೊರನಾಡಿನಿಂದ ಬರುವ ಡಬ್ಬವನ್ನು ಅದು ಮುಟ್ಟುವುದಿಲ್ಲ. ಸಾಬೂನಿನ ಮೇಲೆ ಕನ್ನಡವಿಲ್ಲವೆಂದು ನಾನು ಗೋಳಾಡುವವನಲ್ಲ. ಸಾಬೂನನ್ನು ತಪ್ಪಾಗಿ ಬಳಸಿ ಯಾರೂ ಕೆಡುವುದಿಲ್ಲ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಈ ದೇಶದ ಪುಡಿಹಾಲಿನ ವಿದ್ಯೆಗೆ ಮೈಸೂರು ಒಂದು ತವರು. ೧೯೫೦ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆಯ ಹಾಲನ್ನು ಹಸುಗೂಸು ಅರಗಿಸಿಕೊಳ್ಳುವಂತೆ ಹದಗೊಳಿಸುವ ಕ್ರಮವನ್ನು ಕಂಡುಹಿಡಿದರು. ಗುಜರಾತಿನ ಆನಂದದ ಸಹಕಾರಿ ಡೈರಿ ಅದನ್ನು ಬಳಸಿ ಡಬ್ಬ ತುಂಬಿತು. ಅದು ಸಣ್ಣ ಸಾಧನೆಯಲ್ಲ. ನೂರು ಮಿಲಿಲೀಟರ್ ತಾಯಿಹಾಲಿನಲ್ಲಿ ಸಸಾರಜನಕ ಒಂದು ಗ್ರಾಮಿನಷ್ಟು. ಹಸುವಿನ ಹಾಲಿನಲ್ಲಿ ಅದರ ಮೂರರಷ್ಟು. ಎಮ್ಮೆಯ ಹಾಲಿನಲ್ಲಿ ಇನ್ನೂ ಹೆಚ್ಚು, ಕೊಬ್ಬಂತೂ ತುಂಬ ಹೆಚ್ಚು. ಅದು ಕರುವನ್ನು ಬೇಗ ಬೇಗ ಬೆಳೆಸಲು ಪ್ರಕೃತಿ ಇಟ್ಟ ಅಳತೆ. “ಹಟ್ಟಿ ತುಂಬ ಹಸುವಿರುವಾಗ ಡಬ್ಬ ಯಾಕೆ, ಸ್ವಲ್ಪ ನೀರು ಬೆರೆಸಿ ಕುಡಿಸಿದರಾಗದೆ?” ಎಂದು ನನ್ನ ಭಾವನವರು ಕೇಳಿದ ಪ್ರಶ್ನೆಗೆ ಉತ್ತರ ಇದೇ: ನೀರು ಬೆರೆಸಿದರೆ ಒಂದು ಇಳಿಯುತ್ತದೆ, ಅದರೊಡನೆ ಬೇಕಾದದ್ದೂ ಇಳಿಯುತ್ತದೆ, ಕಬ್ಬಿಣದ ಅಂಶವಂತೂ ಮೊದಲೇ ಇಲ್ಲ. ವಿದ್ಯೆ ಮೈಸೂರಿನಿಂದ ಹೊರಟಿತು. ಅದನ್ನು ಹೊತ್ತ ಡಬ್ಬ ಮೈಸೂರು ರಸ್ತೆಯಲ್ಲೇ ಇರುವ ಚನ್ನಪಟ್ಟಣದ ಅಂಗಡಿಗೆ ಬಂದು ಇಳಿಯುವಾಗ ನಮ್ಮ ಮಾತನ್ನು ಮರೆತುಬಂದಿತು.

ಈ ವಿಚಾರ ತಲೆಯಲ್ಲಿ ಹೊಕ್ಕಿದ್ದರಿಂದ ನಮ್ಮ ಪದವಿ ತರಗತಿಯಲ್ಲಿ ಅನುವಾದದ ಅಭ್ಯಾಸಕ್ಕೆ ಈ ಸಲ ಪತ್ರಿಕೆಯ ಸಂಪಾದಕೀಯದ ಬದಲು ಡಬ್ಬದ ಮೇಲಿನ ಸೂಚನೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನೂ ಕೊಟ್ಟೆ. ಮೊದಲು ಬಂದದ್ದು ‘ನಿರ್ಜಂತುಕೀಕೃತ ಪಾತ್ರೆ’, ‘ಸಮತಲ ಚಮಚ’, ‘ಶೇಷವನ್ನು ವಿಸರ್ಜಿಸತಕ್ಕದ್ದು’. ಕನ್ನಡದ ಹೆಸರಿನಲ್ಲಿ ನಾವು ಕಲಿಸಿದ ಪಾಂಡಿತ್ಯದ ಫಲ! ಹೊಂಗನೂರಿನಿಂದ ಬರುವ ಒಬ್ಬ ಹುಡುಗಿ ಮಾತ್ರ “ಚಮಚದ ತಲೆಯನ್ನು ಚಾಕುವಿನ ಬೆನ್ನಿನಿಂದ ಒರೆದು ಹಾಕಿ, ಒತ್ತಿ ತುಂಬಬೇಡಿ” ಎಂದು ಬರೆದಿದ್ದಳು. ಅವಳ ಅಜ್ಜಿಗೆ ಇದು ಅರ್ಥವಾಗುತ್ತದೆ.

ಒಂದೊಂದು ಮಾತಿಗೂ ಜಗಳವಾಯಿತು. ಅತಿ ದೊಡ್ಡ ಜಗಳ ‘ಉಗುರುಬೆಚ್ಚಗೆ’ ಎಂಬ ಮುದ್ದಾದ ಮಾತಿನದು. ಕಲಸುವ ನೀರೂ ಉಗುರುಬೆಚ್ಚಗೆ, ಕುಡಿಸುವ ಹಾಲೂ ಉಗುರುಬೆಚ್ಚಗೆ ಎಂದು ಮುಕ್ಕಾಲು ಪಾಲು ಮಂದಿ ಬರೆದರು. ಆದರೆ ಪುಡಿ ಎಷ್ಟೇ ಶುಭ್ರವಾಗಿ ಕಂಡರೂ ಕ್ರಿಮಿಗಳಿಂದ ಪೂರ್ತಿ ಮುಕ್ತವಲ್ಲ. ಕ್ರೋನೋಬ್ಯಾಕ್ಟರ್ ಎಂಬ ಒಂದು ಜೀವಾಣು ಒಣಪುಡಿಯಲ್ಲೂ ಬದುಕುತ್ತದೆ, ಎರಡು ತಿಂಗಳೊಳಗಿನ ಕೂಸಿಗೆ, ಅದರಲ್ಲೂ ತೂಕ ಕಡಿಮೆಯಾದದ್ದಕ್ಕೆ, ಅದು ಪ್ರಾಣಾಂತಿಕವಾಗಬಹುದು. ಅದನ್ನು ಕೊಲ್ಲಬೇಕಾದರೆ ಕಲಸುವ ನೀರು ೭೦ ಡಿಗ್ರಿಗಿಂತ ಕಡಿಮೆಯಾಗಬಾರದೆಂದು ಆ ಮಾರ್ಗಸೂಚಿ ಹೇಳುತ್ತದೆ. ಮನೆಯಲ್ಲಿ ಉಷ್ಣಮಾಪಕವೆಲ್ಲಿ? ಒಂದು ಲೀಟರಿನಷ್ಟು ನೀರನ್ನು ಮಳ್ಳಿಸಿ, ಇಳಿಸಿ, ಮುಚ್ಚಿಟ್ಟು, ಅರ್ಧ ಗಂಟೆ ಮೀರುವ ಮೊದಲೇ ಬಳಸಿದರೆ ಆ ಬಿಸಿ ಇರುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದ ನೀರಾದರೂ ಮಳ್ಳಿಸಲೇಬೇಕು. ಮೊದಲು ನೀರನ್ನು ಅಳೆದು, ಆಮೇಲೆ ಪುಡಿ ಹಾಕಬೇಕು. ಸಾಮಾನ್ಯವಾಗಿ ೩೦ ಮಿಲಿಲೀಟರ್ ನೀರಿಗೆ ಒಂದು ಚಮಚ. ಆದರೆ ಒಂದು ಡಬ್ಬದ ಚಮಚವನ್ನು ಇನ್ನೊಂದಕ್ಕೆ ಹಾಕಕೂಡದು. ಕಲಸಿದ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ತೊಟ್ಟು ಬಿಟ್ಟು ನೋಡಿದಾಗ ಬರಬೇಕಾದದ್ದು ಉಗುರುಬೆಚ್ಚಗೆ. ಆ ಪದಕ್ಕೆ ಅಲ್ಲಿ ಮಾತ್ರ ಜಾಗ.

ಯಾವುದರಲ್ಲಿ ಕುಡಿಸಬೇಕು ಎಂಬುದಕ್ಕೆ ನಾವು ಹೊಸ ಪದ ಹುಡುಕಬೇಕಾಗಲಿಲ್ಲ. ಬಾಟಲಿಯ ರಬ್ಬರಿನ ಸಂದಿಯಲ್ಲಿ ಹಾಲು ಹೆಪ್ಪುಗಟ್ಟಿ ನಿಲ್ಲುತ್ತದೆ, ತೊಳೆಯುವುದು ಕಷ್ಟ. ಬಟ್ಟಲೋ ಚಮಚವೋ ವಾಸಿಯೆಂದು ಇಂದಿನ ವೈದ್ಯರು ಹೇಳುವಾಗ ನಮ್ಮ ಅಟ್ಟದ ಮೇಲಿನ ಒಳಲೆ ನೆನಪಾಗಬೇಡವೆ? ಕೊಕ್ಕಿನಂಥ ಮೂತಿಯ ಆ ಪುಟ್ಟ ಬೆಳ್ಳಿಯ ಪಾತ್ರೆಯನ್ನು ತವರಿನವರು ಕೊಡುತ್ತಿದ್ದರು. ಬಾಯಿ ತೆರೆದಿರುವುದರಿಂದ ಒಂದು ಮೂಲೆಯೂ ಬಿಡದಂತೆ ಉಜ್ಜಿ, ನೀರಿನಲ್ಲಿ ಮುಳುಗಿಸಿ ಕುದಿಸಬಹುದು. ತಮಿಳಿನವರ ಪಾಲಾಡೈ ಆಸ್ಪತ್ರೆಗಳನ್ನು ಹೊಕ್ಕಿದೆ. ನಮ್ಮದು ನಿಘಂಟಿನಲ್ಲಿ ಕುಳಿತಿದೆ.

ಕೊನೆಯ ಸೂಚನೆ ಎಲ್ಲಕ್ಕಿಂತ ತೊಡಕಿನದಾಯಿತು. ಕಲಸಿದ ಹಾಲು ಎರಡು ಗಂಟೆ ದಾಟಕೂಡದು. ಕೂಸು ಕುಡಿದು ಬಿಟ್ಟದ್ದನ್ನು ಮತ್ತೆ ಬಿಸಿಮಾಡಿ ಕುಡಿಸಕೂಡದು, ಎಸೆಯಬೇಕು. ‘ಚೆಲ್ಲಿರಿ’ ಎಂದು ಬರೆಯಲು ಹುಡುಗಿಯರ ಕೈ ಏಳಲಿಲ್ಲ. ಹಾಲು ಚೆಲ್ಲುವುದು ಅಪಶಕುನ. ಅದರಲ್ಲೂ ಬಾಣಂತಿಯ ಮನೆಯಲ್ಲಿ, ಅಷ್ಟು ದುಡ್ಡು ಕೊಟ್ಟು ತಂದ ಹಾಲು! ಹಾಗೆ ಬರೆದರೆ ಯಾರೂ ಪಾಲಿಸುವುದಿಲ್ಲ ಸಾರ್, ಎಂದರು. ಸರಿಯೆನಿಸಿತು. ಅರ್ಧ ಗಂಟೆಯ ಚರ್ಚೆಯಾದ ಮೇಲೆ “ಮಗು ಬಿಟ್ಟ ಹಾಲು ಬೆಕ್ಕಿಗೆ” ಎಂದು ಒಪ್ಪಿಗೆಯಾಯಿತು. ಈಗ ಅದು ದಪ್ಪ ಅಕ್ಷರದ ಒಂದು ಹಾಳೆಯಾಗಿ ಅಕ್ಕನ ಮನೆಯ ಅಡುಗೆಯ ಗೋಡೆಯ ಮೇಲಿದೆ. ಅಂಗನವಾಡಿಯ ಕಾರ್ಯಕರ್ತೆ ಅದನ್ನು ನೋಡಿ ತಮಗೂ ಹತ್ತು ಪ್ರತಿ ಬೇಕೆಂದು ಹೇಳಿಕಳಿಸಿದ್ದಾರೆ.