ಗಣಕಯಂತ್ರವೂ ನಮ್ಮ ಹುಡುಗಿಯರ ಕೈಗಳೂ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರು ಬಂದಾಗ ಮಿಕ್ಕ ಪಾಠಗಳಿಗಿಂತ ಹೊಲಿಗೆಯ ತರಗತಿಯನ್ನೇ ಹೆಚ್ಚಾಗಿ ನೆನಸಿಕೊಳ್ಳುವದುಂಟು. ಸೊಟ್ಟ ಹೊಲಿಗೆಯನ್ನು ಬಿಚ್ಚಿಸಿ ಪುನಃ ಹೊಲಿಸಿದ ಟೀಚರಮ್ಮನವರ ಮೇಲೆ ಅಂದು ಹುಟ್ಟಿದ ಸಿಟ್ಟು ಈಗ ನಗೆಯಾಗಿದೆ. ಗಣಕಯಂತ್ರದ ವಿಷಯವಾಗಿ ಬರೆಯ ಕೂತ ನಮಗೂ ಆ ತರಗತಿಯೇ ನೆನಪಾಗುತ್ತದೆ.

ಕೆಲವು ವರುಷಗಳ ಹಿಂದೆ ನಾವು ಬಹು ಉತ್ಸಾಹದಿಂದ ಗೋಡೆಗೆ ದೊಡ್ಡ ತೆರೆಯೊಂದನ್ನು ಹಾಕಿಸಿ, ಯಾರೋ ಸಿದ್ಧಪಡಿಸಿದ ಚಿತ್ರಪಾಠಗಳನ್ನು ತೋರಿಸಲಾರಂಭಿಸಿದೆವು. ಮಕ್ಕಳು ಸದ್ದಿಲ್ಲದೆ ಕೂತರು. ಆ ಮೌನವನ್ನು ಕಲಿಕೆಯೆಂದೆಣಿಸಿದ್ದು ನಮ್ಮ ತಪ್ಪು. ಕಸೂತಿಯನ್ನು ನೋಡುತ್ತಾ ಕೂತವಳಿಗೆ ಕಸೂತಿ ಬಂದೀತೇ?

ತರುವಾಯ ಸ್ಕ್ರ್ಯಾಚ್ ಎಂಬದನ್ನು ಅಧ್ಯಾಪಿನಿಯರಾದ ನಾವೇ ಮೊದಲು ಕಲಿತೆವು. ಅಮೇರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯವರು 2007ರಲ್ಲಿ ಮಕ್ಕಳಿಗೋಸ್ಕರ ಹೊರತಂದ ಈ ಸಾಧನಕ್ಕೆ ಕ್ರಯವಿಲ್ಲ. ಒಮ್ಮೆ ಇಳಿಸಿಕೊಂಡರೆ ಅಂತರಜಾಲವೂ ಬೇಡ. ಅಪ್ಪಣೆಗಳುಳ್ಳ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ತೆರೆಯ ಮೇಲಿನ ಬೆಕ್ಕು ಅದರಂತೆ ನಡೆಯುತ್ತದೆ, ಗೆರೆ ಎಳೆಯುತ್ತದೆ, ಮಕ್ಕಳು ಮುದ್ರಿಸಿಟ್ಟ ಧ್ವನಿಯನ್ನು ಕೇಳಿಸುತ್ತದೆ. ಇದಕ್ಕೆ ಹಿರಿಯಕ್ಕನಂತಿರುವದು 1967ರ ಲೋಗೋ. ಅದನ್ನು ನಿರ್ಮಿಸಿದವರಲ್ಲಿ ಸೆಮೂರ್ ಪ್ಯಾಪರ್ಟರ ಸಂಗಡ ಸಿಂಥಿಯಾ ಸಾಲೊಮನ್ ಎಂಬ ಮಹಿಳೆಯೂ ಇದ್ದರೆಂಬದನ್ನು ತರಗತಿಯಲ್ಲಿ ಹೇಳದೆ ನಾವು ಮುಂದೆ ಹೋಗುವದಿಲ್ಲ.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬೆಕ್ಕಿನಿಂದ ಚೌಕವನ್ನು ಸುಲಭವಾಗಿ ಬರೆಯಿಸಿದಳು: 100 ಹೆಜ್ಜೆ ನಡೆ, 90 ಡಿಗ್ರಿ ತಿರುಗು, ಹೀಗೆ ನಾಲ್ಕು ಸಾರಿ. ಆ ಮೇಲೆ ಸಮಬಾಹು ತ್ರಿಭುಜ. ಅದರ ಕೋನ 60 ಡಿಗ್ರಿಯೆಂದು ಪುಸ್ತಕದಲ್ಲಿದೆಯಲ್ಲಾ ಎಂದು ಮೂರು ಸಾರಿಯೂ 60 ಎಂದೇ ಕೊಟ್ಟಳು. ಬೆಕ್ಕು ಅರ್ಧ ಷಟ್ಕೋನವನ್ನು ಬರೆದು ನಿಂತುಬಿಟ್ಟಿತು. "ಯಂತ್ರ ಕೆಟ್ಟಿದೆ ಟೀಚರ್" ಎಂದಳು. ನಿಜ ಹೇಳಬೇಕಾದರೆ, ನಮಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ಆಕೆಯೇ ಅಂಗಳಕ್ಕೆ ಹೋಗಿ, ಮಣ್ಣಿನಲ್ಲಿ ತ್ರಿಭುಜವನ್ನು ಗೀಚಿ, ಗೆರೆಯ ಮೇಲೆ ನಡೆದು, ಮೂಲೆಯಲ್ಲಿ ತನ್ನ ಮೈಯನ್ನೇ ತಿರುಗಿಸಿ ನೋಡಿದಳು. ತಿರುಗಬೇಕಾದದ್ದು ಒಳಗಿನ 60 ಅಲ್ಲ, ಹೊರಗಿನ 120! ಬಾಹ್ಯಕೋನವನ್ನು ಕರಿಹಲಗೆಯ ಮೇಲೆ ನಾವು ಎಷ್ಟು ವರುಷ ಬರೆದೆವೋ. ಅದು ಹೀಗೆ ಕಾಲಿಗೆ ತಿಳಿದದ್ದನ್ನು ಅಂದೇ ಕಂಡೆವು. ಓಡಿಬಂದು ಸಂಖ್ಯೆಯನ್ನು ತಿದ್ದಿದಳು. ಬಿಚ್ಚಿ ಪುನಃ ಹೊಲಿದಂತೆಯೇ ಸರಿ.

ಆದರೆ ಮನೆಯಲ್ಲಿ ಆಕೆಗೆ ಯಂತ್ರ ಸಿಕ್ಕುವದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ, ಮನೆಗೊಂದೇ ಫೋನಿದ್ದ ಕಡೆಗಳಲ್ಲಿ ಅದು ಮೊದಲು ಅಣ್ಣನ ಕೈಗೆ ಹೋದದ್ದನ್ನು ನಾವು ಹಾಜರಿ ಪುಸ್ತಕದಲ್ಲಿಯೇ ಕಂಡೆವು. ಹುಡುಗಿಯು ಕೆಟ್ಟುಹೋದಾಳೆಂದು ಕೆಲವು ತಾಯಂದಿರು ನಮ್ಮೊಡನೆ ಹೇಳುತ್ತಾರೆ. ಆ ಭಯವನ್ನು ನಾವು ಹೀಯಾಳಿಸುವದಿಲ್ಲ. ಹೊತ್ತು ತಿನ್ನುವ ಚಿತ್ರಗಳು ಅದರಲ್ಲಿ ಬೇಕಾದಷ್ಟಿವೆ. ಆದರೆ ಅದೇ ಭಯ ಮಗನ ವಿಷಯದಲ್ಲಿ ಯಾಕೆ ಇಲ್ಲ? ಕೇವಲ ನೋಡುವದಕ್ಕೆ ಇಬ್ಬರಿಗೂ ಕಡಿಮೆ ಕೊಡಿರಿ, ಏನಾದರೂ ಮಾಡುವದಕ್ಕೆ ಇಬ್ಬರಿಗೂ ಸಮನಾಗಿ ಕೊಡಿರಿ. ಮಾಡಿದ್ದನ್ನು ನಿಮ್ಮ ಬಳಿಯಲ್ಲಿ ಕೂತು ತೋರಿಸಲಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬೇಡಿಕೆ. ನಮ್ಮಲ್ಲಿ ಒಂದು ಯಂತ್ರಕ್ಕೆ ಮೂವರು ಹುಡುಗಿಯರು ಕೂರುತ್ತಾರೆ. ನಿಮ್ಮ ಮನೆಯ ಕಪಾಟಿನಲ್ಲಿ ಕೆಲಸವಿಲ್ಲದೆ ಬಿದ್ದಿರುವ ಲ್ಯಾಪ್‌ಟಾಪ್ ಇದ್ದರೆ, ಹಳೆಯದಾದರೂ ಚಿಂತೆಯಿಲ್ಲ, ಶನಿವಾರ ಮಧ್ಯಾಹ್ನ ತರಬಹುದು. ಆ ಹೊತ್ತಿನಲ್ಲಿ ಹಳೆಯ ಹೊಲಿಗೆಯ ಕೋಣೆಯ ಬಾಗಲು ತೆರೆದಿರುತ್ತದೆ. ಯಂತ್ರಗಳನ್ನು ನಾವು ಇಟ್ಟಿರುವದು ಅಲ್ಲಿಯೇ.