ನಿಷೇಧಿತ ಚಮಚದ ದರಕ್ಕೆ ಜೋಳದ ಚಮಚ ಯಾಕೆ ಇಳಿಯಬೇಕು?



ತಿನ್ನಬಹುದಾದ ಚಮಚಗಳನ್ನು ತಯಾರಿಸುವ ನವೋದ್ಯಮಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಇವು ನೆಲೆಯೂರದಿರುವುದಕ್ಕೆ ಬೆಲೆಯೇ ಕಾರಣ, ಪ್ಲಾಸ್ಟಿಕ್ ಚಮಚದ ದರಕ್ಕೆ ಇಳಿಯುವವರೆಗೆ ಜನ ಇವನ್ನು ಕೊಳ್ಳಲಾರರು ಎಂದು ಲೇಖಕರು ತೀರ್ಮಾನಿಸಿದ್ದಾರೆ. ಮದುವೆ, ಮುಂಜಿವೆ, ಗೃಹಪ್ರವೇಶಗಳ ಅಡುಗೆ ಗುತ್ತಿಗೆ ಹಿಡಿದು ಬದುಕುವ ನನಗೆ ಈ ತೀರ್ಮಾನ ಒಪ್ಪಿಗೆಯಿಲ್ಲ. ಮಾರುಕಟ್ಟೆಯಲ್ಲಿ ಇರಲೇಬಾರದ ವಸ್ತುವಿನ ದರವನ್ನು ಅಳತೆಗೋಲಾಗಿ ಹಿಡಿದರೆ ಯಾವ ಪ್ರಾಮಾಣಿಕ ಉದ್ಯಮ ತಾನೇ ಉಳಿದೀತು?

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ನಿಯಮ ತಿದ್ದಿ, 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಅವುಗಳ ತಯಾರಿಕೆ, ದಾಸ್ತಾನು, ಮಾರಾಟ, ಬಳಕೆಗೆ ತಡೆ ಹಾಕಿತು. ಆ ಪಟ್ಟಿಯಲ್ಲಿ ಫೋರ್ಕು, ಸ್ಟ್ರಾ, ಐಸ್‌ಕ್ರೀಮ್ ಕಡ್ಡಿ, ಮಿಠಾಯಿ ಡಬ್ಬಿಗೆ ಸುತ್ತುವ ತೆಳು ಹಾಳೆಯೂ ಇವೆ. ಆದರೆ ನಮ್ಮೂರಿನ ಸಗಟು ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚಮಚದ ಕಟ್ಟು ಕೇಳಿದರೆ ಈಗಲೂ ಮರುಮಾತಿಲ್ಲದೆ ಕೊಡುತ್ತಾರೆ. ದಂಡ ಬೀಳುವುದು ಸಂಜೆ ಪಾನಿಪುರಿ ಮಾರುವ ಗಾಡಿಯವನಿಗೆ. ಅವನಿಗೆ ಮಾಲು ಬಂದ ಗೋದಾಮಿನ ಬಾಗಿಲು ತಟ್ಟಿದವರನ್ನು ನಾನು ಕಂಡಿಲ್ಲ.

ಹೈದರಾಬಾದಿನ ‘ಬೇಕೀಸ್’ ಕಂಪನಿಯ ಕತೆಯನ್ನು ಲೇಖಕರು ಸೋಲಿನ ಉದಾಹರಣೆಯಾಗಿ ಕೊಟ್ಟಿದ್ದಾರೆ. ಅದನ್ನು ಇನ್ನಷ್ಟು ಪೂರ್ತಿಯಾಗಿ ಹೇಳಬೇಕಿತ್ತು. ಆ ಕಂಪನಿಯನ್ನು 2010ರಲ್ಲಿ ಆರಂಭಿಸಿದ ನಾರಾಯಣ ಪೀಸಪಾಟಿ ಮೊದಲು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯಲ್ಲಿದ್ದವರು. ಕೊಳವೆಬಾವಿ ನೀರಿನಿಂದ ಭತ್ತ ಬೆಳೆದು ಅಂತರ್ಜಲ ಬತ್ತುತ್ತಿರುವುದು ಅವರನ್ನು ಕಾಡಿದ ಮೊದಲ ಚಿಂತೆ. ಕಡಿಮೆ ನೀರಿನಲ್ಲಿ ಬರುವ ಜೋಳಕ್ಕೆ ಹೊಸ ಗಿರಾಕಿ ಹುಟ್ಟಿದರೆ ರೈತ ಮತ್ತೆ ಜೋಳ ಬಿತ್ತುತ್ತಾನೆ ಎಂಬುದು ಅವರ ಎಣಿಕೆ. ಜೋಳ, ಅಕ್ಕಿ, ಗೋಧಿ ಹಿಟ್ಟು ನಾದಿ, ಅಚ್ಚಿಗೆ ಹಾಕಿ, ತೇವ ಉಳಿಯದಂತೆ ಬೇಯಿಸಿದ ಚಮಚ ಅದು. ನಮ್ಮ ಕಡೆಯ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದಿರುವುದೂ ಇದೇ ಕಾರಣಕ್ಕೆ. 2016ರಲ್ಲಿ ಅವರ ವಿಡಿಯೊ ಲೋಕವೆಲ್ಲ ಸುತ್ತಿತು. ಜನರಿಂದ ಹಣ ಸಂಗ್ರಹಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 20,000 ಡಾಲರ್ ಕೇಳಿದರೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಬಂತು. ಆ ಪ್ರಮಾಣದಲ್ಲಿ ಮಾಡಿಕೊಡಲಾಗದೆ ಪೂರೈಕೆ ತಡವಾಯಿತು, ಹಣ ಕೊಟ್ಟವರಿಂದ ದೂರುಗಳೂ ಬಂದವು. ದುಡ್ಡು ಕೊಟ್ಟು ಕಾದವರ ಸಿಟ್ಟು ನ್ಯಾಯವಾದದ್ದೇ. ಆದರೆ ಜನರಿಗೆ ಇಂಥ ಚಮಚ ಬೇಡ ಎಂಬುದಕ್ಕೆ ಇದು ಸಾಕ್ಷಿಯಾಗುವುದು ಹೇಗೆ? ಕೇಳಿದ್ದರ ಹತ್ತು ಪಟ್ಟಿಗೂ ಹೆಚ್ಚು ಹಣ ಬಂದಿದ್ದು ಬೇಡಿಕೆ ಇತ್ತು ಎಂಬುದಕ್ಕೇ ಸಾಕ್ಷಿ. ಇರದಿದ್ದದ್ದು ಯಂತ್ರ, ಬಂಡವಾಳ ಮತ್ತು ವರ್ಷವಿಡೀ ತಪ್ಪದೆ ಬರುವ ಖರೀದಿ.

ಪ್ಲಾಸ್ಟಿಕ್ ಅಗ್ಗ ಎನ್ನುವ ಮಾತಿಗೂ ನನ್ನ ತಕರಾರಿದೆ. ಊಟ ಮುಗಿದ ಮೇಲೆ ಕಲ್ಯಾಣ ಮಂಟಪದ ಹಿಂದೆ ಏನಾಗುತ್ತದೆ ಎಂಬುದನ್ನು ಲೇಖಕರು ಒಮ್ಮೆ ಬಂದು ನೋಡಲಿ. ಪಾಯಸ ಅಂಟಿದ ಚಮಚಗಳು ಎಂಜಲೆಲೆಯ ಜೊತೆ ಒಂದೇ ಚೀಲಕ್ಕೆ ಬೀಳುತ್ತವೆ. ಅವನ್ನು ಬರಿಗೈಯಲ್ಲಿ ಬೇರ್ಪಡಿಸುವವರು ಪೌರಕಾರ್ಮಿಕರು. ಉಳಿದದ್ದು ಚರಂಡಿಗೆ, ಇಲ್ಲವೇ ಬೀದಿ ದನದ ಹೊಟ್ಟೆಗೆ. ಈ ಖರ್ಚು ಚಮಚ ಮಾರುವವನ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಕಾಗದದ ಲೋಟವೇ ಪರಿಹಾರವೆಂದು ನಂಬಿದವರಿಗೂ ಒಂದು ಮಾತು: ಒಳಗೆ ಪ್ಲಾಸ್ಟಿಕ್ ಲೇಪವಿರುವ ಲೋಟದಲ್ಲಿ 100 ಮಿ.ಲೀ. ಬಿಸಿ ಪಾನೀಯವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಪ್ಲಾಸ್ಟಿಕ್ ಸೂಕ್ಷ್ಮಕಣಗಳು ಅದರಲ್ಲಿ ಸೇರುತ್ತವೆ ಎಂದು ಖರಗ್‌ಪುರ ಐಐಟಿಯ ಸಂಶೋಧಕರು 2020ರಲ್ಲೇ ತೋರಿಸಿದ್ದಾರೆ.

ತಿನ್ನುವ ಚಮಚ ಎಲ್ಲ ಕಡೆಗೂ ಬೇಕೆಂದು ನಾನು ವಾದಿಸುತ್ತಿಲ್ಲ. ನೀರು, ತೊಳೆಯುವ ಆಳು ಇರುವ ಕಡೆ ಸ್ಟೀಲಿಗೆ ಸಾಟಿಯಿಲ್ಲ. ತಟ್ಟೆಗೆ ನಮ್ಮ ಮಲೆನಾಡು, ಕರಾವಳಿಯ ಅಡಿಕೆ ಹಾಳೆ ಇದೆ, ಬಾಳೆ ಎಲೆ ಇದೆ, ಮುತ್ತುಗದ ಎಲೆ ಇದೆ. ಕೊರತೆ ಬೀಳುವುದು ಚಮಚದಲ್ಲಿ: ಜಾತ್ರೆಯಲ್ಲಿ, ಚಾಟ್ ಅಂಗಡಿಯಲ್ಲಿ, ಐಸ್‌ಕ್ರೀಮ್ ಕೌಂಟರಿನಲ್ಲಿ, ಕಟ್ಟಿಸಿಕೊಂಡು ಹೋಗುವ ಊಟದಲ್ಲಿ. ಅಲ್ಲಿ ಜೋಳದ ಚಮಚಕ್ಕೆ ಜಾಗವಿದೆ. ಐಸ್‌ಕ್ರೀಮ್ ತಿಂದು ಕೋನನ್ನೂ ತಿನ್ನುವುದು ನಮಗಾರಿಗೂ ಹೊಸದಲ್ಲವಲ್ಲ.

ಧಾನ್ಯದಿಂದ ಮಾಡಿದ್ದನ್ನು ಎಸೆದರೆ ಅನ್ನಕ್ಕೆ ಅಗೌರವ ಎಂದು ಹಿರಿಯರೊಬ್ಬರು ನನ್ನೆದುರೇ ಆಕ್ಷೇಪಿಸಿದ್ದಾರೆ. ಆ ಮಾತಿನಲ್ಲಿ ತೂಕವಿದೆ, ಅದಕ್ಕಾಗಿಯೇ ಅಗತ್ಯವಿದ್ದಲ್ಲಿ ಮಾತ್ರ ಕೊಡಬೇಕು ಎನ್ನುತ್ತೇನೆ. ತಿನ್ನದೆ ಬಿಟ್ಟರೂ ಅದು ದನಕ್ಕೆ ಮೇವಾಗುತ್ತದೆ, ಮಣ್ಣಿನಲ್ಲಿ ಕರಗುತ್ತದೆ. ಆದರೆ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮಾರಿದರೆ ಮಾಡಿದ್ದೆಲ್ಲ ವ್ಯರ್ಥ. ತಯಾರಕರು ಇದನ್ನು ಗಮನಿಸಲೇಬೇಕು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ನಮ್ಮಲ್ಲೂ ಮೇಳಗಳು ನಡೆದವು, ಭಾಷಣಗಳಾದವು. ವಿಜಯಪುರ, ಕಲಬುರಗಿಯ ಹಿಂಗಾರಿ ಜೋಳದ ರೈತನಿಗೆ ಭಾಷಣಕ್ಕಿಂತ ಖಾಯಂ ಗಿರಾಕಿ ಬೇಕು. ಸರ್ಕಾರವೇ ಮೊದಲ ಗಿರಾಕಿಯಾಗಲಿ. ಸರ್ಕಾರಿ ಸಮಾರಂಭ, ಮುಜರಾಯಿ ದೇವಸ್ಥಾನಗಳ ಪ್ರಸಾದ, ಸಾಹಿತ್ಯ ಸಮ್ಮೇಳನದ ಊಟದ ಟೆಂಡರಿನಲ್ಲಿ ‘ತೊಳೆದು ಬಳಸುವ ಪಾತ್ರೆ, ಅದಾಗದಿದ್ದರೆ ಎಲೆ, ಹಾಳೆ ಅಥವಾ ತಿನ್ನುವ ಚಮಚ’ ಎಂಬ ಒಂದು ಷರತ್ತು ಸೇರಿಸಿದರೆ ನನ್ನಂಥ ಗುತ್ತಿಗೆದಾರರೆಲ್ಲ ಅದೇ ದಾರಿಗೆ ಬರುತ್ತೇವೆ. ಎಲ್ಲರಿಗೂ ಒಂದೇ ಷರತ್ತಿದ್ದಾಗ ಯಾರೂ ದರದಲ್ಲಿ ಸೋಲುವುದಿಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ನಗರಪಾಲಿಕೆಗಳು ಗಾಡಿಯವರನ್ನು ಬಿಟ್ಟು ಮೊದಲು ಸಗಟು ಗೋದಾಮುಗಳಿಗೆ ಹೋಗಲಿ. ಅವು ಎಲ್ಲಿಂದ ಮಾಲು ತರುತ್ತಿವೆ ಎಂಬುದನ್ನು ನಿಮ್ಮ ವರದಿಗಾರರೂ ಹುಡುಕಿ ಬರೆಯಲಿ ಎಂದು ಕೋರುತ್ತೇನೆ.

ಇಂತಿ,
ಒಬ್ಬ ಅಡುಗೆ ಗುತ್ತಿಗೆದಾರ,
ಧಾರವಾಡ