ಬ್ಯಾಟರಿಗಿಂತ ಮೊದಲು ದಾರಿಯನ್ನು ಅಳೆಯೋಣ

ನಮ್ಮ ಕಣಿವೆಯ ಏಳೆಂಟು ಮನೆಗಳವರು ಕೂಡಿ ಹಳೆಯ ಗಾಲ್ಫ್ ಗಾಡಿಯೊಂದನ್ನು ಕೊಳ್ಳುವ ಮಾತು ಕಳೆದ ಕೊನೆಕೊಯ್ಲಿನಿಂದ ನಡೆದಿದೆ. ಗಾಲ್ಫ್ ಆಡುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ತಗ್ಗಿನ ತೋಟದಿಂದ ಎತ್ತರದ ಅಂಗಳಕ್ಕೆ ಅಡಿಕೆಯ ಹೆಡಿಗೆಗಳನ್ನು ಹೊತ್ತು ತರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಉಳಿದವರ ಮೊಣಕಾಲು ಸವೆದಿದೆ. ಹೊರೆ ಹೊರುವವರಲ್ಲಿ ಹೆಚ್ಚಿನವರು ಹೆಂಗಸರೆಂಬುದನ್ನು ನಾವು ಬಲ್ಲೆವು, ಹೇಳುವುದು ಕಡಿಮೆ. ಹಿಂದಿನ ಆಸನವನ್ನು ತೆಗೆದು ತೊಟ್ಟಿಯೊಂದನ್ನು ಜೋಡಿಸಿದರೆ ಅಡಿಕೆ ಮೇಲಕ್ಕೆ, ಗೊಬ್ಬರ ಕೆಳಕ್ಕೆ, ಕಾಯಿಲೆ ಬಿದ್ದ ಹಿರಿಯರು ಡಾಂಬರು ರಸ್ತೆಯ ಅಂಚಿನವರೆಗೆ ಸಾಗಬಹುದೆಂಬುದು ನಮ್ಮ ಆಸೆ.

ಈ ವಿಷಯವಾಗಿ ಸೇರಿದ ಪ್ರತಿ ಸಭೆಯಲ್ಲಿಯೂ ಏಳುವ ಪ್ರಶ್ನೆ ಒಂದೇ: ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ? ಹಿರಿಯರೊಬ್ಬರು ಇದನ್ನೇ ತಮ್ಮ ಮಾತಿನಲ್ಲಿ ಕೇಳಿದರು: “ಎತ್ತು ದಣಿದರೆ ಹುಲ್ಲು ಹಾಕಿ ಕಾಯಬಹುದು. ಇದು ಏರಿನ ನಡುವೆ ನಿಂತರೆ ಏನು ಹಾಕುವುದು ಮಾರಾಯ?”

ಮಾರುವವರು 60 ಕಿಲೋಮೀಟರ್ ಎಂದರು. ಪರೀಕ್ಷೆಗೆಂದು ಒಂದು ದಿನದ ಮಟ್ಟಿಗೆ ಗಾಡಿಯನ್ನು ತಂದೆವು. ಏಳು ಸುತ್ತು ಸರಾಗವಾಗಿ ಬಂದ ಗಾಡಿ ಎಂಟನೆಯ ಸುತ್ತಿನ ಅರ್ಧ ಏರಿನಲ್ಲಿ ನಿಂತುಬಿಟ್ಟಿತು. ಆಗ ಅದು ಓಡಿದ್ದು ಸುಮಾರು 12 ಕಿಲೋಮೀಟರ್. ಹೆಡಿಗೆಗಳನ್ನು ಇಳಿಸಿ, ಎಂದಿನಂತೆ ತಲೆಯ ಮೇಲೆ ಹೊತ್ತೇ ಅಂಗಳ ಸೇರಿಸಿದೆವು. ಅಂದಿನ ಸಂಜೆ ಹೊರಟ ತೀರ್ಮಾನ ಸಹಜವೇ ಆಗಿತ್ತು: ಇದರ ಎರಡರಷ್ಟು ಬ್ಯಾಟರಿ ಇರುವ ಗಾಡಿಯನ್ನೇ ಕೊಳ್ಳೋಣ.

ಈ ತೀರ್ಮಾನ ತಪ್ಪೆಂದು ನಾನು ಭಾವಿಸುತ್ತೇನೆ. ಅದಕ್ಕೆ ಕಾರಣವನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಒಂದು ಸುತ್ತಿನ ಲೆಕ್ಕ

ಗಾಲ್ಫ್ ಗಾಡಿ ಹುಟ್ಟಿದ್ದು ಹುಲ್ಲು ಕತ್ತರಿಸಿದ ಮೈದಾನದಲ್ಲಿ, ಇಬ್ಬರು ಮನುಷ್ಯರನ್ನೂ ಒಂದೆರಡು ಚೀಲಗಳನ್ನೂ ಒಯ್ಯಲಿಕ್ಕಾಗಿ. ಮಾರುವವರು ಹೇಳುವ ದೂರವೂ ಬಹುಮಟ್ಟಿಗೆ ಅಂಥ ನೆಲಕ್ಕೇ ಹೊಂದುವಂಥದು. ಮಲೆನಾಡಿನಲ್ಲಿ ಕಿಲೋಮೀಟರ್ ಒಂದು ನಂಬಿಗಸ್ತ ಅಳತೆಯೇ ಅಲ್ಲ. ಇಲ್ಲಿ ಅಳೆಯಬೇಕಾದದ್ದು ತೂಕ, ಏರು ಮತ್ತು ನೆಲ.

ನಮ್ಮ ದಾರಿಯನ್ನೇ ತೆಗೆದುಕೊಳ್ಳಿ. ತೋಟದಿಂದ ಅಂಗಳಕ್ಕೆ 800 ಮೀಟರ್ ದೂರ, 60 ಮೀಟರ್ ಏರು. ಗಾಡಿ, ಚಾಲಕ, ಅಡಿಕೆ ಎಲ್ಲ ಸೇರಿ 800 ಕೆ.ಜಿ. ತೂಕ, ಅದರಲ್ಲಿ ಅಡಿಕೆ ಸುಮಾರು 265 ಕೆ.ಜಿ. ಈ ತೂಕವನ್ನು ಏರಿನ ಮೀಟರುಗಳಿಂದ ಗುಣಿಸಿ 3,67,000ದಿಂದ ಭಾಗಿಸಿದರೆ ಎತ್ತಲು ಬೇಕಾದ ಶಕ್ತಿ ನಮಗೆ ಪರಿಚಿತವಾದ ವಿದ್ಯುತ್ ಯೂನಿಟ್ಟುಗಳಲ್ಲಿ ದೊರೆಯುತ್ತದೆ. ನಮ್ಮ ಉತ್ತರ 0.13 ಯೂನಿಟ್. ಇದರ ಮೇಲೆ ಚಕ್ರಗಳು ನೆಲವನ್ನು ಗೆಲ್ಲಬೇಕು. ಕೆಸರಿನ ದಾರಿಯಲ್ಲಿ ಈ ಪ್ರತಿರೋಧ ಸ್ಥೂಲವಾಗಿ ತೂಕದ ನೂರಕ್ಕೆ ಐದು ಪಾಲು, ಗಟ್ಟಿಯಾದ ದಾರಿಯಲ್ಲಿ ಎರಡು ಪಾಲು. ಕೆಸರಿನಲ್ಲಿ 800 ಮೀಟರ್ ಎಂದರೆ ಇನ್ನೂ 0.09 ಯೂನಿಟ್. ಮೋಟಾರು, ಗಿಯರು, ತಂತಿಗಳಲ್ಲಿ ಕಳೆದುಹೋಗುವ ನೂರಕ್ಕೆ ಮೂವತ್ತರಷ್ಟನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ಏರಿಗೆ ಸುಮಾರು 0.31 ಯೂನಿಟ್ ಬೇಕು. ಖಾಲಿ ಗಾಡಿ ಇಳಿಯುವಾಗ ಶಕ್ತಿ ಬೇಕಾಗುವುದಿಲ್ಲವೆಂದೇ ಹೇಳಬಹುದು.

ಈಗ ಬ್ಯಾಟರಿಯತ್ತ ನೋಡೋಣ. 48 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಗಳ ಗುಂಪಿನಲ್ಲಿ ಕಾಗದದ ಮೇಲೆ 7.2 ಯೂನಿಟ್ ಇರುತ್ತದೆ. ಆದರೆ ಇಂಥ ಬ್ಯಾಟರಿ ಬಹುಕಾಲ ಬಾಳಬೇಕಾದರೆ ದಿನವೂ ಅರ್ಧಕ್ಕಿಂತ ಹೆಚ್ಚು ಹೀರಬಾರದು. ಅಲ್ಲಿಗೆ ಕೈಗೆ ಸಿಗುವುದು 3.6 ಯೂನಿಟ್, ಎಂದರೆ ಹನ್ನೊಂದು ಸುತ್ತು, 18 ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹೊಸ ಬ್ಯಾಟರಿಯೇ ನಮ್ಮ ಏರಿನಲ್ಲಿ ಕೊಡುವುದು ಇಷ್ಟು. ನಾವು ತಂದ ಗಾಡಿಯ ಬ್ಯಾಟರಿಗಳಿಗೆ ನಾಲ್ಕು ವರ್ಷವಾಗಿತ್ತು. ಏಳೂವರೆ ಏರಿಗೆ ಅವು ಕೊಟ್ಟದ್ದು ಸುಮಾರು 2.3 ಯೂನಿಟ್, ಹಣೆಪಟ್ಟಿಯ ಮೂರನೇ ಒಂದು ಪಾಲು ಮಾತ್ರ. ಗಾಡಿಯ ಜಾತಿಯಲ್ಲಿ ದೋಷವಿರಲಿಲ್ಲ. ಬ್ಯಾಟರಿ ಮುಪ್ಪಾಗಿತ್ತು, ಭರವಸೆ ಸುಳ್ಳಾಗಿತ್ತು.

ಇನ್ನು ನಮ್ಮ ಅಗತ್ಯವೆಷ್ಟು? ಕೊಯ್ಲಿನ ಬಿಡುವಿಲ್ಲದ ದಿನವೂ ಆರು ಸುತ್ತಿಗೆ ಮೀರಿದ ಕೆಲಸವಿಲ್ಲ. ಅದಕ್ಕೆ 1.9 ಯೂನಿಟ್. ಇತರ ಓಡಾಟವನ್ನೂ ಸೇರಿಸಿದರೆ ಎರಡೂವರೆ. ಸುಸ್ಥಿತಿಯಲ್ಲಿರುವ ಸಾಮಾನ್ಯ ಬ್ಯಾಟರಿಯೇ ಇದಕ್ಕೆ ಸಾಕು. ಹೀಗೆ ಮಾರುವವರ 60 ಕಿಲೋಮೀಟರಿನಂತೆ ನಮ್ಮ ಭಯವೂ ಅಳತೆಯಿಲ್ಲದೆ ಹುಟ್ಟಿದ್ದು.

ದೊಡ್ಡ ಬ್ಯಾಟರಿಯ ತೂಕ

ಎರಡು ಗುಂಪು ಬ್ಯಾಟರಿ ಹಾಕಿಕೊಂಡರೆ ನಷ್ಟವೇನು ಎಂದು ಕೇಳಬಹುದು. ಇಂಥ ಒಂದು ಗುಂಪಿನ ತೂಕವೇ ಸುಮಾರು 170 ಕೆ.ಜಿ. ನಮ್ಮ ಒಂದು ಸುತ್ತಿನ ಅಡಿಕೆಯ ಮೂರನೇ ಎರಡು ಪಾಲಿನಷ್ಟು ಹೊರೆಯನ್ನು ಏನೂ ಪ್ರಯೋಜನವಿಲ್ಲದೆ ದಿನವೂ ಬೆಟ್ಟ ಹತ್ತಿಸಿ ಇಳಿಸಿದಂತಾಯಿತು. ಬಹುಪಾಲು ಗಾಲ್ಫ್ ಗಾಡಿಗಳಿಗೆ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕು ಇರುತ್ತದೆಂಬುದನ್ನು ಮರೆಯಬಾರದು. ಒದ್ದೆಯಾದ ಇಳಿಜಾರಿನಲ್ಲಿ ಏರುವ ಬಲಕ್ಕಿಂತ ನಿಲ್ಲುವ ಬಲವೇ ಮುಖ್ಯ.

ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಯ ಮಾತು ಬೇರೆ. 105 ಆಂಪಿಯರ್-ಗಂಟೆಯ ಗುಂಪಿನಲ್ಲಿ 5.4 ಯೂನಿಟ್ ಇದ್ದು, ಐದರಲ್ಲಿ ನಾಲ್ಕು ಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು, ಅದು 4.3 ಯೂನಿಟ್. ಹಣೆಪಟ್ಟಿಯ ಅಂಕಿ ಚಿಕ್ಕದು, ಕೈಗೆ ಸಿಗುವುದು ಹೆಚ್ಚು. ತೂಕವೂ 50 ಕೆ.ಜಿ.ಯ ಆಸುಪಾಸು. ನಮ್ಮ ಊರುಗಳಿಗೆ ಇನ್ನೂ ಒಂದು ಅನುಕೂಲವಿದೆ. ಆಷಾಢದ ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟು ಹೋದರೆ, ಖಾಲಿಯಾಗಿ ನಿಂತ ಸೀಸದ ಬ್ಯಾಟರಿಯ ತಗಡುಗಳ ಮೇಲೆ ಸಲ್ಫೇಟಿನ ಹರಳು ಕಟ್ಟಿ ಆಯುಷ್ಯ ಕುಗ್ಗುತ್ತದೆ. ಲಿಥಿಯಂ ಅರ್ಧ ಹೊಟ್ಟೆಯಲ್ಲಿಯೂ ಕಾಯಬಲ್ಲದು. ಭಟ್ಟಿ ಇಳಿಸಿದ ನೀರನ್ನು ಆಗಾಗ ತುಂಬುವ ಕೆಲಸವೂ ಇಲ್ಲ.

ಆದರೆ ಬೆಲೆ ಹೆಚ್ಚು, ಚಾರ್ಜರ್ ಬೇರೆಯದೇ ಬೇಕು. ಅದರ ವೋಲ್ಟೇಜು ಬಹುಹೊತ್ತು ಒಂದೇ ಮಟ್ಟದಲ್ಲಿದ್ದು ಕೊನೆಯಲ್ಲಿ ತಟ್ಟನೆ ಕುಸಿಯುತ್ತದೆ. ಸೀಸದ ಬ್ಯಾಟರಿ ದಣಿದ ಎತ್ತಿನಂತೆ ನಿಧಾನವಾಗಿ ಸೂಚನೆ ಕೊಡುತ್ತದೆ. ಲಿಥಿಯಂ ಹಾಗೆ ಕೊಡದು. ಆದ್ದರಿಂದ ಬಳಸಿದ ಆಂಪಿಯರ್-ಗಂಟೆಗಳನ್ನು ಎಣಿಸುವ ಮೀಟರ್ ಇಲ್ಲದೆ ಅದನ್ನು ಕೊಳ್ಳುವುದು ಬೇಡ.

ದಾರಿಯೂ ಒಂದು ಬ್ಯಾಟರಿ

ಕೆಸರಿನ ದಾರಿಯನ್ನು ಗಟ್ಟಿ ಮಾಡಿದರೆ ಅದೇ ಏರಿಗೆ 0.31ರ ಬದಲು 0.24 ಯೂನಿಟ್ ಸಾಕಾಗುತ್ತದೆ. ಹೊಸ ಬ್ಯಾಟರಿ ಕೊಳ್ಳದೆಯೇ ಹನ್ನೊಂದು ಸುತ್ತು ಹದಿನೈದಾಗುತ್ತದೆ! ಚಕ್ರ ಹಾಯುವ ಎರಡು ಸಾಲಿಗೆ ಮಾತ್ರ ಜಂಬಿಟ್ಟಿಗೆ ಕಲ್ಲು ಹಾಸಿ, ಮಳೆನೀರು ಪಕ್ಕಕ್ಕೆ ಹರಿಯುವಂತೆ ಕಾಲುವೆ ತೆಗೆದರೆ ಈ ಕೆಲಸ ಮುಗಿಯುತ್ತದೆ. ಅದು ನಮ್ಮ ಕೈಯಲ್ಲೇ ಆಗುವಂಥದು.

ಆದರೆ ದಾರಿ ಮಾಡುವ ನೆಪದಲ್ಲಿ ಜೆಸಿಬಿ ತರಿಸಿ ದರೆ ಕಡಿಯುವವರಿಗೆ ನನ್ನ ಸಮ್ಮತಿಯಿಲ್ಲ. ಗಾಡಿಯ ಅಗಲ ನಾಲ್ಕೇ ಅಡಿ. ಅದಕ್ಕೆ ಹನ್ನೆರಡು ಅಡಿಯ ರಸ್ತೆ ಬೇಕಿಲ್ಲ. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತದ್ದನ್ನು ಕಂಡ ನಾವು, ಗುಡ್ಡದ ಬುಡಕ್ಕೆ ಕೈ ಹಾಕುವ ಮುನ್ನ ನೂರು ಸಲ ಯೋಚಿಸಬೇಕು. ಸೊಪ್ಪಿನ ಬೆಟ್ಟದ ಮರಗಳನ್ನು ಕಡಿದು ಮಾಡಿದ ದಾರಿಯಲ್ಲಿ ಹೊಗೆಯಿಲ್ಲದ ಗಾಡಿ ಓಡಿಸಿದರೆ ಅದು ಪರಿಸರದ ಕೆಲಸವೆನಿಸುವುದಿಲ್ಲ.

ಇದೇ ಪಶ್ಚಿಮ ಘಟ್ಟದ ಸಾಲಿನಲ್ಲಿ, ಮಹಾರಾಷ್ಟ್ರದ ಮಾಥೆರಾನ್ ಗಿರಿಧಾಮವಿದೆ. 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿತವಾದ ಅಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಹೀಗಾಗಿ ಮನುಷ್ಯರೇ ಮನುಷ್ಯರನ್ನು ಕೈಬಂಡಿಯಲ್ಲಿ ಎಳೆಯುವುದು ಮುಂದುವರಿದಿತ್ತು. 2022ರಲ್ಲಿ ಅಲ್ಲಿ ಬ್ಯಾಟರಿ ರಿಕ್ಷಾಗಳ ಪ್ರಯೋಗ ಆರಂಭವಾಯಿತು; 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೈಬಂಡಿಯ ಪದ್ಧತಿಯನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು ಹೇಳಿತು. ಅಲ್ಲಿಯೂ ವಿವಾದ ಗಾಡಿಯೊಂದರದೇ ಆಗಿರಲಿಲ್ಲ. ದಾರಿಗೆ ಏನನ್ನು ಹಾಸಬೇಕು, ಎಲ್ಲಿಯವರೆಗೆ ಹಾಸಬೇಕೆಂಬುದೂ ನ್ಯಾಯಾಲಯದ ಮುಂದೆ ಬಂತು. ಬೆನ್ನಿನ ಹೊರೆಯನ್ನು ಇಳಿಸುವುದು ನ್ಯಾಯ. ಆ ಹೊರೆಯನ್ನು ಬೆಟ್ಟದ ಮೇಲೆ ಹೇರದಿರುವುದೂ ನ್ಯಾಯವೇ.

ಬ್ಯಾಟರಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಮಣ್ಣಿನ ವಿದ್ಯಾರ್ಥಿಯಾಗಿ ನನಗಿರುವ ಆತಂಕ ಗಾಡಿ ನಿಲ್ಲುವುದರ ಬಗ್ಗೆ ಅಲ್ಲ, ಸತ್ತ ಬ್ಯಾಟರಿಯ ಬಗ್ಗೆ. ಸೀಸ ಮಣ್ಣಿಗೆ ಬಿದ್ದರೆ ಕರಗಿ ಹೋಗುವುದಿಲ್ಲ, ಕೊಳೆಯುವುದಿಲ್ಲ. ಮಣ್ಣಿನ ಕಣಗಳಿಗೆ ಅಂಟಿಕೊಂಡು ತಲೆಮಾರುಗಳವರೆಗೆ ಉಳಿಯುತ್ತದೆ. ಅದರ ಹಾನಿ ಎಲ್ಲರಿಗಿಂತ ಹೆಚ್ಚು ತಟ್ಟುವುದು ಮಕ್ಕಳಿಗೆ. ಹಳೆಯ ಬ್ಯಾಟರಿಯ ಆಮ್ಲವನ್ನು ತೋಟದ ಅಂಚಿಗೆ ಸುರಿದು ಖಾಲಿ ಡಬ್ಬಿಯನ್ನು ಗುಜರಿಗೆ ಮಾರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸೀಸವಾಗಲಿ ಲಿಥಿಯಂ ಆಗಲಿ, ಬಳಸಿದ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಈ ಹಕ್ಕನ್ನು ಕೇಳಿ ಪಡೆಯಬೇಕಾದವರು ನಾವು.

ಅಗತ್ಯಕ್ಕಿಂತ ದೊಡ್ಡ ಬ್ಯಾಟರಿ ಎಂದರೆ ಎಲ್ಲಿಯೋ ಅಗೆದ ಇನ್ನೊಂದು ಬೆಟ್ಟ. ಈ ಮಾತು ಗಾಡಿಗೆ ಮಾತ್ರ ಸಲ್ಲುವುದಲ್ಲ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿದ್ದಾರಲ್ಲ, ಅದೂ ಒಂದು ಬ್ಯಾಟರಿಯೇ. ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಡುವ ಬ್ಯಾಟರಿ. ಎತ್ತಲು ತಗಲುವಷ್ಟು ವಿದ್ಯುತ್ತನ್ನು ಅದು ಎಂದಿಗೂ ಹಿಂದಿರುಗಿಸದು. ನಾಡಿಗೆ ಶೇಖರಣೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಎಷ್ಟು ಬೇಕು, ಪೋಲನ್ನು ತಡೆದರೆ ಎಷ್ಟು ಉಳಿಯುತ್ತದೆ, ಕಾಡನ್ನು ಮುಟ್ಟದೆ ಬೇರೆಲ್ಲಿ ಸಾಧ್ಯವೆಂದು ಕೇಳುವ ಹಕ್ಕು ನಮಗಿದೆ. ನಮ್ಮ ಏಳೆಂಟು ಮನೆಗಳ ಅಗತ್ಯವನ್ನೇ ಅಳೆಯದೆ ಇಮ್ಮಡಿ ಬ್ಯಾಟರಿ ಕೊಂಡ ಮೇಲೆ ಆ ಪ್ರಶ್ನೆಯನ್ನು ಯಾವ ಬಾಯಿಂದ ಕೇಳೋಣ?

ಕೊಳ್ಳುವವರಿಗೆ ನಾಲ್ಕು ಮಾತು

ಒಂದು, ದಾರಿಯ ದೂರ, ಏರು ಮತ್ತು ದಿನದ ಸುತ್ತುಗಳನ್ನು ಮೊದಲು ಬರೆದಿಟ್ಟುಕೊಳ್ಳಿ. ಊರಿನ ವಿದ್ಯಾರ್ಥಿ ಮಿತ್ರರು ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಏರನ್ನು ಅಳೆದು, ಮೇಲಿನ ಲೆಕ್ಕವನ್ನು ತಮ್ಮ ದಾರಿಗೆ ಅನ್ವಯಿಸಿ ನೋಡಲಿ. ಭೌತಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು.

ಎರಡು, ದಿನದ ಅಗತ್ಯ ಬಳಸಬಹುದಾದ ಶಕ್ತಿಯ ಮೂರನೇ ಎರಡು ಪಾಲನ್ನು ಮೀರದಿರಲಿ. ಉಳಿದದ್ದು ಮುಪ್ಪಿಗೆ, ಮಳೆಗೆ ಮೀಸಲು.

ಮೂರು, ಹಳೆಯ ಗಾಡಿಯನ್ನು ನಿಮ್ಮದೇ ಏರಿನಲ್ಲಿ, ನಿಮ್ಮದೇ ಹೊರೆಯೊಂದಿಗೆ ಓಡಿಸಿ ನೋಡದೆ ಹಣ ಕೊಡಬೇಡಿ. ಬ್ರೇಕನ್ನು ಇಳಿಜಾರಿನಲ್ಲಿಯೇ ಪರೀಕ್ಷಿಸಿ. ಕಾಲುಸಂಕ ಆ ತೂಕವನ್ನು ತಾಳುವುದೇ ನೋಡಿ.

ನಾಲ್ಕು, ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವುದಾಗಿ ಮಾರುವವರಿಂದ ಬರೆಸಿಕೊಳ್ಳಿ. ನೋಂದಣಿಯಿಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸಬೇಡಿ.

ನಮ್ಮ ಮುಂದಿನ ಸಭೆಯಲ್ಲಿ ನಾನು ಒಂದು ಗುಂಪಿನ ಲಿಥಿಯಂ ಬ್ಯಾಟರಿಗೂ ಎರಡು ಸಾಲು ಕಲ್ಲಿನ ದಾರಿಗೂ ಮತ ಕೊಡಲಿದ್ದೇನೆ. ಕಲ್ಲು ಹಾಸುವ ಶ್ರಮದಾನಕ್ಕೂ ಬರುತ್ತೇನೆ. ಏರಿನಲ್ಲಿ ನಿಂತರೆ ಏನು ಹಾಕುವುದೆಂದು ಕೇಳಿದ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ಗಾಡಿ ನಿಂತ ಮೇಲೆ ಹಾಕಲು ಏನೂ ಇಲ್ಲ, ಹೊರಡುವ ಮುನ್ನ ಲೆಕ್ಕ ಹಾಕಬಹುದು.